ಬಾಯಿ ಬಿಡುವ ರಿಂಗು, ಕೆರೆಯುವ ಕಿವಿ

ಮನೆಯಲ್ಲೇ ಒಡವೆ ಮಾಡುವ ನಿಮ್ಮಿಂದ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ದೂರುಗಳೇ. ಸರ ಕಿತ್ತುಹೋಯ್ತು, ಬೆರಳು ಹಸಿರಾಯ್ತು, ರೆಸಿನ್ ಒಣಗಲೇ ಇಲ್ಲ. ನನಗೇನೂ ಬೇಜಾರಿಲ್ಲ, ಚೆನ್ನಾಗಿ ಬಂದ ಓಲೆಯ ಬಗ್ಗೆ ಯಾರು ತಾನೇ ಪತ್ರ ಬರೆಯುತ್ತಾರೆ? ನಾನೂ ನಿಮ್ಮ ಹಾಗೆಯೇ. ಹಗಲು ಬೇರೆ ಕೆಲಸ, ರಾತ್ರಿ ಎಲ್ಲ ಮುಗಿದ ಮೇಲೆ ಮಣಿ ಡಬ್ಬಿ ತೆಗೆಯುವವಳು. ಕಸುಬಿನಿಂದ ಅಕ್ಕಸಾಲಿ ಅಲ್ಲ. ಇಲ್ಲಿರುವ ಉತ್ತರಗಳಲ್ಲಿ ಬಹುಪಾಲು ನಾನೇ ಕೆಡಿಸಿ ಕಲಿತದ್ದು.

ಪ್ರಶ್ನೆ: ಮೇಡಂ, ತಂಗಿಗೆ ಒಂದು ಪೆಂಡೆಂಟ್ ಮಾಡಿಕೊಟ್ಟಿದ್ದೆ. ಎರಡೇ ವಾರಕ್ಕೆ ಸರದಿಂದ ಕಳಚಿ ಎಲ್ಲೋ ಬಿದ್ದುಹೋಯಿತು. ಪೆಂಡೆಂಟನ್ನು ಸರಕ್ಕೆ ಸೇರಿಸುವ ಸಣ್ಣ ತಂತಿ ಬಳೆ, ಅದೇ ಜಂಪ್ ರಿಂಗ್, ಅದನ್ನು ಸರಿಯಾಗಿಯೇ ಮುಚ್ಚಿದ್ದೆ. ಅದಕ್ಕೆ ಅಂಟು ಹಾಕಬೇಕಿತ್ತಾ?

ಉತ್ತರ: ಅಂಟು ಬೇಡ. ಮುಚ್ಚಿದ್ದು ಹೇಗೆ ಅನ್ನುವುದಕ್ಕಿಂತ ತೆರೆದದ್ದು ಹೇಗೆ ಅಂತ ನೆನಪು ಮಾಡಿಕೊಳ್ಳಿ. ಹೊಸಬರು ಸಾಮಾನ್ಯವಾಗಿ ರಿಂಗಿನ ಒಂದು ತುದಿಯನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಎಳೆದು ಬಾಯಿ ಅಗಲಿಸುತ್ತಾರೆ. ಆಗ ಗುಂಡಗಿದ್ದದ್ದು ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಆಮೇಲೆ ಎಷ್ಟು ಒತ್ತಿದರೂ ಮೊದಲಿನ ಗುಂಡು ಬರುವುದಿಲ್ಲ, ಕೂದಲೆಳೆಯಷ್ಟು ಸಂದಿ ಉಳಿದೇಬಿಡುತ್ತದೆ, ಸರ ಆ ಸಂದಿಯನ್ನು ಹುಡುಕಿಕೊಂಡು ಹೋಗುತ್ತದೆ.

ಎರಡು ಇಕ್ಕಳ ತೆಗೆದುಕೊಳ್ಳಿ. ಒಂದು ತುದಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಚಿ, ಬಾಗಿಲು ತೆರೆದ ಹಾಗೆ. ಮುಚ್ಚುವಾಗ ತುದಿಗಳು ಸೇರಿದ ತಕ್ಷಣ ನಿಲ್ಲಿಸಬೇಡಿ. ಒಂಚೂರು ದಾಟಿಸಿ ಮತ್ತೆ ಹಿಂದಕ್ಕೆ ತನ್ನಿ, ಹೀಗೆ ಎರಡು ಸಲ ಆಚೆ ಈಚೆ ಮಾಡುತ್ತಾ ಒಳಕ್ಕೆ ಸ್ವಲ್ಪ ಒತ್ತಿ. ಸರಿಯಾಗಿ ಕೂತಾಗ ಸಣ್ಣಗೆ ಟಿಕ್ ಅನ್ನುತ್ತದೆ, ಬೆರಳಿಗೂ ಗೊತ್ತಾಗುತ್ತದೆ. ಅನುಮಾನ ಇದ್ದರೆ ಒಂದು ತೆಳು ಹೊಲಿಗೆ ದಾರವನ್ನು ಆ ಜಾಗದಲ್ಲಿ ಎಳೆದು ನೋಡಿ. ದಾರ ಒಳಗೆ ನುಗ್ಗಿದರೆ ರಿಂಗ್ ಇನ್ನೂ ಮುಚ್ಚಿಲ್ಲ ಅಂತಲೇ ಅರ್ಥ.

ಇನ್ನೊಂದು ವಿಷಯ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ತಂತಿ ಅದೇ ಆದರೂ ರಿಂಗ್ ದೊಡ್ಡದಾದಷ್ಟೂ ಬಲ ಕಡಿಮೆ. 0.8 ಮಿಲಿಮೀಟರ್ ತಂತಿಯಲ್ಲಿ ಮಾಡಿದ 4 ಮಿಲಿಮೀಟರ್ ರಿಂಗ್ ಇಕ್ಕಳಕ್ಕೇ ಮಣಿಯದಷ್ಟು ಹಟ ಮಾಡುತ್ತದೆ. ಅದೇ ತಂತಿಯ 8 ಮಿಲಿಮೀಟರ್ ರಿಂಗನ್ನು ಮಗು ಒಮ್ಮೆ ಜಗ್ಗಿದರೂ ಸಾಕು, ಬಾಯಿ ಬಿಡುತ್ತದೆ. ದೊಡ್ಡ ರಿಂಗೇ ಬೇಕು ಅಂದರೆ ದಪ್ಪ ತಂತಿಯದ್ದು ಕೊಳ್ಳಿ. ಭಾರದ ಪೆಂಡೆಂಟ್ ಆದರೆ ಬೀಗದ ಕೈ ಗೊಂಚಲಿನಲ್ಲಿ ಇರುತ್ತದಲ್ಲ, ಎರಡು ಸುತ್ತಿನ ರಿಂಗು, ಅದರ ಚಿಕ್ಕ ರೂಪ ಸಿಗುತ್ತದೆ. ಅದನ್ನೇ ಹಾಕಿ. ಹಾಕುವಾಗ ಉಗುರು ಮುರಿಯುತ್ತದೆ, ಅದೊಂದು ಕಷ್ಟ.

ಪ್ರಶ್ನೆ: ನಾನು ಮಾಡಿದ ಓಲೆ ಹಾಕಿಕೊಂಡ ಗೆಳತಿಗೆ ಎರಡು ದಿನ ಬಿಟ್ಟು ಕಿವಿ ಕೆಂಪಗಾಗಿ, ಕೆರೆತ ಶುರುವಾಗಿ, ನೀರು ಸೋರಿತಂತೆ. ಪೊಟ್ಟಣದ ಮೇಲೆ 'ಹೈಪೋಅಲರ್ಜೆನಿಕ್' ಅಂತಲೇ ಇತ್ತು. ಎರಡು ದಿನ ಬಿಟ್ಟು ಬಂದದ್ದರಿಂದ ಕಾರಣ ಬೇರೆ ಇರಬಹುದು ಅಂತ ನಾನು, ನಿನ್ನ ಓಲೆಯೇ ಅಂತ ಅವಳು. ಮಾತು ಬಿಡುವ ಹಂತಕ್ಕೆ ಬಂದಿದೆ.

ಉತ್ತರ: ನಿಮ್ಮ ಗೆಳತಿ ಹೇಳಿದ್ದೇ ಸರಿ ಇರುವ ಸಾಧ್ಯತೆ ಜಾಸ್ತಿ, ಮೊದಲು ಅವಳ ಕ್ಷಮೆ ಕೇಳಿಬಿಡಿ. ಇಂಥ ತುರಿಕೆಗೆ ಸಾಮಾನ್ಯವಾಗಿ ಸಿಕ್ಕಿಬೀಳುವುದು ನಿಕ್ಕಲ್. ನಿಕ್ಕಲ್ ಅಲರ್ಜಿ ಮುಟ್ಟಿದ ಕೂಡಲೇ ಬರುವಂಥದ್ದಲ್ಲ, ಒಂದು ದಿನ, ಎರಡು ದಿನ, ಕೆಲವೊಮ್ಮೆ ಮೂರು ದಿನ ಬಿಟ್ಟು ಮುಖ ತೋರಿಸುತ್ತದೆ. ಅದಕ್ಕೇ ಜನ ಓಲೆಯನ್ನು ಬಿಟ್ಟು ಸೋಪು, ಶಾಂಪೂ ಅಂತ ಬೈದುಕೊಂಡು ಕೂರುತ್ತಾರೆ. ಒಮ್ಮೆ ಮೈ ಅದನ್ನು ಗುರುತು ಹಿಡಿಯಿತೆಂದರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ನೀರು ಸೋರುವಷ್ಟು ಆಗಿದ್ದರೆ ಓಲೆ ತೆಗೆದಿಟ್ಟು ಚರ್ಮದ ಡಾಕ್ಟರಿಗೆ ತೋರಿಸಲಿ, ಅಲರ್ಜಿ ಯಾವುದರದ್ದು ಅಂತ ಪ್ಯಾಚ್ ಟೆಸ್ಟಿನಲ್ಲಿ ಗೊತ್ತಾಗುತ್ತದೆ.

ಪೊಟ್ಟಣದ ಮೇಲಿನ ಆ ಮಾತನ್ನು ಪೂರ್ತಿ ನಂಬಬೇಡಿ. 'ಅಲರ್ಜಿ ಕಡಿಮೆ ಇರಬಹುದು' ಅನ್ನುವಷ್ಟು ಸಡಿಲ ಮಾತು ಅದು, ಒಳಗೆ ಯಾವ ಲೋಹ ಇದೆ ಅಂತ ಹೇಳುವುದೇ ಇಲ್ಲ. ಚಿನ್ನದ ಬಣ್ಣದ ಕೊಕ್ಕೆಯಲ್ಲಿ ಚಿನ್ನದ ಲೇಪ ಬಹಳ ತೆಳು, ಅದರ ಕೆಳಗೆ ಎಷ್ಟೋ ಸಲ ನಿಕ್ಕಲ್ ಲೇಪ ಇರುತ್ತದೆ. ಮೇಲಿನದ್ದು ಸವೆದ ದಿನ ಕೆಳಗಿನದ್ದು ಚರ್ಮಕ್ಕೆ ತಾಗುತ್ತದೆ. ಜರ್ಮನ್ ಸಿಲ್ವರ್ ಕಥೆ ಇನ್ನೂ ಚೆಂದ. ಹೆಸರಲ್ಲಿ ಬೆಳ್ಳಿ, ಒಳಗೆ ಒಂದು ಚೂರೂ ಬೆಳ್ಳಿ ಇಲ್ಲ, ತಾಮ್ರ, ನಿಕ್ಕಲ್, ಸತು ಸೇರಿಸಿದ ಲೋಹ ಅದು. ನಾನು ಇದು ಗೊತ್ತಿಲ್ಲದೆ ಒಂದು ಸಲ ಹತ್ತು ಜೊತೆ ಓಲೆಗೆ ಅದನ್ನೇ ಬಾಗಿಸಿ ಕೊಕ್ಕೆ ಮಾಡಿ ಹಂಚಿದ್ದೆ. ಎಲ್ಲರಿಗೂ ಫೋನ್ ಮಾಡಿ ವಾಪಸ್ ತೆಗೆದುಕೊಂಡೆ.

ಸರ್ಜಿಕಲ್ ಸ್ಟೀಲ್ ಅಂತ ಮಾರುವ 316ಎಲ್ ಸ್ಟೀಲಿನಲ್ಲೂ ನೂರಕ್ಕೆ 10ರಿಂದ 14 ಪಾಲು ನಿಕ್ಕಲ್ ಇದೆ. ಆದರೆ ಅದು ಒಳಗೇ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತದೆ, ಹೊರಗೆ ಬಿಡುವುದು ತೀರಾ ಕಡಿಮೆ. ಎಷ್ಟೋ ಜನರಿಗೆ ಅದು ಒಗ್ಗುತ್ತದೆ, ತುಂಬಾ ಸೂಕ್ಷ್ಮ ಇರುವವರಿಗೆ ಒಗ್ಗದೆಯೂ ಇರಬಹುದು. ಯುರೋಪಿಯನ್ ಒಕ್ಕೂಟ 1994ರಲ್ಲೇ ಒಡವೆಯ ನಿಕ್ಕಲ್ ಮೇಲೆ ಮಿತಿ ಹಾಕಿತು. ಕಿವಿ ಚುಚ್ಚಿದ ತೂತಿನೊಳಗೆ ಹೋಗುವ ಭಾಗಕ್ಕೆ ಈಗಿರುವ ಮಿತಿ, ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.2 ಮೈಕ್ರೋಗ್ರಾಂ. ಗಮನಿಸಿ, ಲೋಹದೊಳಗೆ ಎಷ್ಟಿದೆ ಅಂತಲ್ಲ, ಎಷ್ಟು ಹೊರಗೆ ಬಿಡುತ್ತದೆ ಅಂತ ಲೆಕ್ಕ.

ನಿಮ್ಮ ಗೆಳತಿಗೆ ನಿಯೋಬಿಯಂ ಅಥವಾ ಟೈಟಾನಿಯಂ ಕೊಕ್ಕೆ ಹಾಕಿಕೊಡಿ. ಕೈಯಲ್ಲಿ ಇರುವ ಹಳೇ ಸಾಮಾನಿನ ಮೇಲೆ ಅನುಮಾನ ಇದ್ದರೆ ನಿಕ್ಕಲ್ ಟೆಸ್ಟ್ ಕಿಟ್ ಸಿಗುತ್ತದೆ. ಹತ್ತಿಗೆ ಎರಡು ಹನಿ ಹಾಕಿ ಲೋಹದ ಮೇಲೆ ಉಜ್ಜಿದರೆ ಸಾಕು, ನಿಕ್ಕಲ್ ಬಿಡುತ್ತಿದ್ದರೆ ಹತ್ತಿ ಗುಲಾಬಿ ಆಗುತ್ತದೆ. ಕೊಕ್ಕೆಗೆ ನೇಲ್ ಪಾಲಿಶ್ ಬಳಿದು ಕೊಡುವ ಉಪಾಯ ಎಲ್ಲರೂ ಹೇಳುತ್ತಾರೆ. ಒಂದು ಸಂಜೆಯ ಮಟ್ಟಿಗೆ ಸರಿ, ಆಮೇಲೆ ಸುಲಿದುಹೋಗುತ್ತದೆ.

ಪ್ರಶ್ನೆ: ತಾಮ್ರದ ಉಂಗುರ ಹಾಕಿದರೆ ಬೆರಳು ಹಸಿರಾಗುತ್ತದೆ. ವಿಷವೇ?

ಉತ್ತರ: ಅಲ್ಲ. ಬೆವರಿಗೆ ತಾಮ್ರ ಕಿಲುಬು ಹಿಡಿಯುತ್ತದೆ, ಆ ಕಿಲುಬು ಚರ್ಮಕ್ಕೆ ಅಂಟುತ್ತದೆ, ಅಷ್ಟೇ. ಸೋಪು ಹಾಕಿ ತೊಳೆದರೆ ಹೋಗುತ್ತದೆ. ಕೈಗೆ ಕ್ರೀಂ ಹಚ್ಚುವ ಅಭ್ಯಾಸ ಇದ್ದರೆ ಜಾಸ್ತಿ ಆಗಬಹುದು. ಉಂಗುರದ ಒಳಬದಿಗೆ ಪಾರದರ್ಶಕ ವಾರ್ನಿಶ್ ಬಳಿಯಬಹುದು, ಆದರೆ ಉಂಗುರ ಸವೆಯುವ ವಸ್ತು, ಆಗಾಗ ಮತ್ತೆ ಬಳಿಯಬೇಕು. ತುರಿಕೆಯೂ ಇದ್ದರೆ ಮಾತ್ರ ಮೇಲಿನ ಉತ್ತರ ಓದಿ.

ಪ್ರಶ್ನೆ: ಅಕ್ಕಾ, ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ಹೊಸದಾಗಿ ಶುರು ಮಾಡಬೇಕು ಅಂತ ಆಸೆ. ನೂರೆಂಟು ಸಾಮಾನಿನ ಪಟ್ಟಿ ನೋಡಿ ತಲೆ ಕೆಟ್ಟಿದೆ. ಅದರಲ್ಲೂ ತಂತಿಯ ದಪ್ಪ ಹೇಳುವ ಈ ಗೇಜ್ ನಂಬರ್ ಅರ್ಥವೇ ಆಗುತ್ತಿಲ್ಲ.

ಉತ್ತರ: ಪಟ್ಟಿಯನ್ನು ಮಡಚಿ ಇಟ್ಟುಬಿಡು. ಮೂರು ಇಕ್ಕಳ ಸಾಕು. ಮೂತಿ ಗುಂಡಗಿರುವ ರೌಂಡ್ ನೋಸ್, ಮೂತಿ ಚೂಪಾಗಿ ಒಳಗೆ ಚಪ್ಪಟೆಯಾಗಿರುವ ಚೈನ್ ನೋಸ್, ಒಂದು ಕಟರ್. ಚೈನ್ ನೋಸ್ ಎರಡಿದ್ದರೆ ರಿಂಗ್ ತೆರೆಯಲು ಅನುಕೂಲ. ಒಳಗೆ ಹಲ್ಲು ಇರುವ ಇಕ್ಕಳ ಮಾತ್ರ ಬೇಡ, ತಂತಿಯ ಮೇಲೆ ಕಚ್ಚಿದ ಗುರುತು ಉಳಿಯುತ್ತದೆ. ಜೊತೆಗೆ ಒಂದು ಸಣ್ಣ ಅರ, ಒಂದು ಸುರುಳಿ ತಾಮ್ರದ ತಂತಿ, ಒಂದು ಹಿಡಿ ಮಣಿ.

ನಂಬರ್ ವಿಷಯದಲ್ಲಿ ಒಂದನ್ನು ನೆನಪಿಡು, ನಂಬರ್ ಏರಿದಷ್ಟೂ ತಂತಿ ಸಣ್ಣ. ಅಮೆರಿಕನ್ ಗೇಜಿನಲ್ಲಿ 18 ಅಂದರೆ ಸುಮಾರು 1 ಮಿಲಿಮೀಟರ್, 20 ಅಂದರೆ 0.8, 24 ಅಂದರೆ 0.5, 28 ಅಂದರೆ 0.3. ಕಿವಿಯ ಕೊಕ್ಕೆಗೆ 20, ಮಣಿ ಸುತ್ತಲು 24 ಅಥವಾ 26, ಚೌಕಟ್ಟಿಗೆ 18. ಬ್ರಿಟಿಷ್ ಗೇಜ್ ಅಂತ ಇನ್ನೊಂದಿದೆ, ಅದರ 20 ಅಂದರೆ 0.91 ಮಿಲಿಮೀಟರ್. ನಂಬರ್ ಒಂದೇ, ದಪ್ಪ ಬೇರೆ. ಈ ಗೊಂದಲದಲ್ಲಿ ನಾನು ತಂದ ತಂತಿ ಮುತ್ತಿನ ತೂತಿಗೆ ಹೋಗದೆ, ಆ ಮುತ್ತುಗಳು ಇನ್ನೂ ಡಬ್ಬಿಯಲ್ಲೇ ಕೂತಿವೆ. ಅದಕ್ಕೇ ಕೊಳ್ಳುವಾಗ ಮಿಲಿಮೀಟರಿನಲ್ಲೇ ಕೇಳು.

ಸಣ್ಣ ಗಾಜಿನ ಮಣಿಗೂ ಇದೇ ತಲೆಕೆಳಗು ಲೆಕ್ಕ. 11/0 ಅಂದರೆ ಹೆಚ್ಚುಕಡಿಮೆ 2 ಮಿಲಿಮೀಟರ್, 8/0 ಅಂದರೆ 3, 6/0 ಅಂದರೆ 4. 15/0 ಅಂತ ಒಂದಿದೆ, ಸಾಸಿವೆಗಿಂತ ಸ್ವಲ್ಪವೇ ವಾಸಿ. ಅದರ ತಂಟೆಗೆ ಈಗಲೇ ಹೋಗಬೇಡ.

ಮೊದಲ ತಿಂಗಳು ಒಂದೇ ಕೆಲಸ ಮಾಡು, ತಾಮ್ರದ ತಂತಿಯಲ್ಲಿ ಸಣ್ಣ ಗುಂಡು ಕೊಂಡಿ ಸುತ್ತುವುದು. ಐವತ್ತು, ನೂರು ಸುತ್ತು. ಬೋರ್ ಅನಿಸುತ್ತದೆ, ಗೊತ್ತು. ಆದರೆ ಒಂದೇ ಅಳತೆಯ ಎರಡು ಕೊಂಡಿ ಬಂದ ದಿನ ಒಂದು ಜೊತೆ ಓಲೆ ಬಂದ ಹಾಗೆಯೇ. ರೌಂಡ್ ನೋಸ್ ಮೂತಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆದುಕೋ, ಪ್ರತಿ ಸಲ ಅದೇ ಗೆರೆಯ ಮೇಲೆ ಸುತ್ತು.

ಪ್ರಶ್ನೆ: ತಂತಿಯನ್ನು ಎರಡು ಮೂರು ಸಲ ತಿದ್ದಿದರೆ ಪಟ್ ಅಂತ ಮುರಿಯುತ್ತದೆ. ಕಳಪೆ ತಂತಿಯಾ? ಬೆಸುಗೆ ಹಾಕಲು ಮನೆಯಲ್ಲಿ ಬಿಡುವುದಿಲ್ಲ, ಬೆಂಕಿ ಅಂದರೆ ಭಯ. ಬೆಸುಗೆ ಇಲ್ಲದೆ ಮಾಡಿದ್ದು ನಿಜವಾದ ಒಡವೆ ಅನಿಸಿಕೊಳ್ಳುತ್ತದಾ?

ಉತ್ತರ: ತಂತಿಯ ತಪ್ಪಲ್ಲ. ತಾಮ್ರ, ಹಿತ್ತಾಳೆ, ಬೆಳ್ಳಿ ಎಲ್ಲವೂ ಬಾಗಿಸಿದಷ್ಟೂ, ಬಡಿದಷ್ಟೂ ಗಡುಸಾಗುತ್ತಾ ಹೋಗುತ್ತವೆ, ಕೊನೆಗೆ ಪೆಡಸಾಗಿ ಮುರಿಯುತ್ತವೆ. ಇದು ನಮಗೆ ಒಳ್ಳೆಯದೂ ಹೌದು. ಕಿವಿಯ ಕೊಕ್ಕೆಯನ್ನು ಆಕಾರಕ್ಕೆ ತಂದ ಮೇಲೆ ಉಕ್ಕಿನ ಹಲಗೆಯ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ನಾಲ್ಕೇಟು ಹಾಕುವುದು ಇದಕ್ಕೇ, ಆಮೇಲೆ ಅದು ಆಕಾರ ಬಿಡುವುದಿಲ್ಲ. ಗಡುಸಾದ ತಾಮ್ರವನ್ನು ಮಂದ ಕೆಂಪು ಬರುವಷ್ಟು ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿಗೆ ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರದ್ದು ಉಲ್ಟಾ. ನಿಮಗೆ ಬೆಂಕಿ ಬೇಡ ಅಂದಮೇಲೆ ಉಳಿಯುವ ದಾರಿ ಒಂದೇ, ಒಂದೇ ಸಲಕ್ಕೆ ಸರಿಯಾಗಿ ಬಾಗಿಸುವುದು. ಮೊದಲು ಕಾಗದದ ಮೇಲೆ ನಿಜವಾದ ಅಳತೆಯಲ್ಲೇ ಚಿತ್ರ ಬರೆದುಕೊಂಡು, ತಂತಿಯನ್ನು ಅದರ ಮೇಲಿಟ್ಟು ನೋಡುತ್ತಾ ಬಾಗಿಸಿ.

ಇನ್ನು 'ನಿಜವಾದ ಒಡವೆ' ಮಾತು. ಅಲೆಕ್ಸಾಂಡರ್ ಕಾಲ್ಡರ್ ಹೆಸರು ಕೇಳಿರಬಹುದು, 1898ರಲ್ಲಿ ಹುಟ್ಟಿದ ಅಮೆರಿಕದ ಶಿಲ್ಪಿ. ಗಾಳಿಗೆ ತೂಗಾಡುವ ಮೊಬೈಲ್ ಶಿಲ್ಪಗಳಿಂದ ಹೆಸರಾದವರು. ಅವರು ಸುಮಾರು 1,800 ಒಡವೆಗಳನ್ನೂ ಮಾಡಿದ್ದಾರೆ. ಹಿತ್ತಾಳೆ, ಬೆಳ್ಳಿ ತಂತಿಯನ್ನು ಬಡಿದು, ಸುರುಳಿ ಸುತ್ತಿ, ಒಂದಕ್ಕೊಂದು ಕೊಂಡಿ ಹಾಕಿ ಮಾಡಿದ್ದು, ಬೆಸುಗೆಯ ಗೋಜಿಗೆ ಹೋದದ್ದು ಕಡಿಮೆ. ಎಂಟು ವರ್ಷದ ಹುಡುಗನಾಗಿದ್ದಾಗಲೇ ತಾಮ್ರದ ತಂತಿಯಲ್ಲಿ ಅಕ್ಕನ ಗೊಂಬೆಗಳಿಗೆ ಒಡವೆ ಮಾಡಿಕೊಡುತ್ತಿದ್ದರಂತೆ. ಆ ಒಡವೆಗಳ ಫೋಟೋ ಸಿಕ್ಕರೆ ನೋಡಿ, ಸುತ್ತಿಗೆಯ ಏಟು ಎಲ್ಲೆಲ್ಲಿ ಬಿದ್ದಿದೆ ಅಂತ ಕಣ್ಣಿಗೆ ಕಾಣುತ್ತದೆ. ನನ್ನ ಕಣ್ಣಿಗಂತೂ ಅದೇ ಅವುಗಳ ಚೆಂದ.

ಪ್ರಶ್ನೆ: ಎಲಾಸ್ಟಿಕ್ ದಾರದ ಬ್ರೇಸ್‌ಲೆಟ್ ಮಾಡಿದರೆ ಮೊದಲು ಸಡಿಲವಾಗುತ್ತದೆ, ಆಮೇಲೆ ಎಲ್ಲರ ಮುಂದೆ ಕಿತ್ತು ಮಣಿ ಎಲ್ಲ ನೆಲಕ್ಕೆ. ಗಂಟಿಗೆ ಸೂಪರ್ ಗ್ಲೂ ಕೂಡ ಹಾಕುತ್ತೇನೆ.

ಉತ್ತರ: ಕೆಲವೊಮ್ಮೆ ಆ ಸೂಪರ್ ಗ್ಲೂ ಇಂದಲೇ ಕಿತ್ತುಹೋಗುವುದು. ಅದು ಒಣಗಿದ ಜಾಗದಲ್ಲಿ ದಾರ ಗಾಜಿನ ಹಾಗೆ ಪೆಡಸಾಗುತ್ತದೆ, ಹಿಗ್ಗುವಾಗ ಅಲ್ಲೇ ತುಂಡಾಗುತ್ತದೆ. ಒಣಗಿದ ಮೇಲೂ ಮೆತ್ತಗೆ ಉಳಿಯುವ ಅಂಟು ಹಾಕಿ. ಗಂಟು ಹಾಕುವಾಗ ಒಂದು ಸುತ್ತಿನ ಬದಲು ಎರಡು ಮೂರು ಸುತ್ತು ಹಾಕಿ ಎಳೆಯಿರಿ, ಜಾರುವುದಿಲ್ಲ. ಸಡಿಲ ಆಗುವುದಕ್ಕೆ ಪೋಣಿಸುವ ಮುಂಚೆಯೇ ಮದ್ದು ಇದೆ, ದಾರವನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ನಾಲ್ಕೈದು ಸಲ ಎಳೆದು ಬಿಡಿ. ಹಿಗ್ಗಬೇಕಾದದ್ದು ಆಗಲೇ ಹಿಗ್ಗಲಿ. ಕಲ್ಲಿನ ಮಣಿಯ ತೂತಿನ ಅಂಚು ಚೂಪಾಗಿದ್ದರೆ ಅದೂ ದಾರ ಕೊಯ್ಯುತ್ತದೆ. ಇಷ್ಟೆಲ್ಲ ಮಾಡಿದರೂ ಎಲಾಸ್ಟಿಕ್ ಶಾಶ್ವತ ಅಲ್ಲ, ಆಗಾಗ ಹೊಸ ದಾರಕ್ಕೆ ಪೋಣಿಸಿಕೊಳ್ಳಬೇಕು. ಭಾರದ ಮಣಿಗೆ ನಾನು ಈಗ ನೈಲಾನ್ ಹೊದಿಕೆಯ ಸ್ಟೀಲ್ ಎಳೆಗಳ ಬೀಡಿಂಗ್ ವೈರನ್ನೇ ಹಾಕುತ್ತೇನೆ. ಅದರಲ್ಲಿ 7, 19, 49 ಎಳೆ ಅಂತ ಸಿಗುತ್ತದೆ, ಎಳೆ ಜಾಸ್ತಿ ಇದ್ದಷ್ಟೂ ಮೃದುವಾಗಿ ಬಾಗುತ್ತದೆ.

ಪ್ರಶ್ನೆ: ಒಣಗಿದ ಹೂವಿಟ್ಟು ರೆಸಿನ್ ಪೆಂಡೆಂಟ್ ಮಾಡಿದೆ. ನಾಲ್ಕು ದಿನವಾದರೂ ಮೇಲೆ ಅಂಟು ಅಂಟು. ಬೇಗ ಒಣಗಲಿ ಅಂತ, ರೆಸಿನ್ ದ್ರವಕ್ಕೆ ಬೆರೆಸಿ ಗಟ್ಟಿ ಮಾಡುವ ಹಾರ್ಡನರ್ ಸ್ವಲ್ಪ ಜಾಸ್ತಿಯೇ ಹಾಕಿದ್ದೆ. ಹೂವೂ ಕಂದು ಬಣ್ಣಕ್ಕೆ ತಿರುಗಿದೆ.

ಉತ್ತರ: ಆ 'ಸ್ವಲ್ಪ ಜಾಸ್ತಿ'ಯೇ ಕೆಲಸ ಕೆಡಿಸಿದ್ದು. ಎಪಾಕ್ಸಿ ರೆಸಿನ್ ಪೇಂಟಿನ ಹಾಗೆ ಒಣಗುವುದಿಲ್ಲ. ರೆಸಿನ್ ಮತ್ತು ಹಾರ್ಡನರ್ ಒಂದಕ್ಕೊಂದು ಕೈ ಹಿಡಿದು ಗಟ್ಟಿಯಾಗುತ್ತವೆ. ಒಂದು ಜಾಸ್ತಿ ಆದರೆ ಆ ಹೆಚ್ಚಿನದ್ದಕ್ಕೆ ಹಿಡಿಯಲು ಕೈಯೇ ಇಲ್ಲ, ಅದು ಹಾಗೇ ಅಂಟಾಗಿ ಉಳಿಯುತ್ತದೆ. ನಾಲ್ಕು ದಿನ ಅಲ್ಲ, ನಾಲ್ಕು ತಿಂಗಳು ಕಾದರೂ ಅಷ್ಟೇ. ಇನ್ನೊಂದು ಮೋಸ ಹೋಗುವ ಜಾಗ ಇದೆ. ಡಬ್ಬಿಯ ಮೇಲೆ ಅಳತೆ ತೂಕದಲ್ಲಿ ಹೇಳಿದ್ದಾರಾ, ಗಾತ್ರದಲ್ಲಿ ಹೇಳಿದ್ದಾರಾ ನೋಡಿ. ಎರಡೂ ದ್ರವದ ಸಾಂದ್ರತೆ ಬೇರೆ ಬೇರೆ, ಹಾಗಾಗಿ ಲೋಟದಲ್ಲಿ ಅಳೆದದ್ದೂ ತಕ್ಕಡಿಯಲ್ಲಿ ತೂಗಿದ್ದೂ ಒಂದೇ ಆಗುವುದಿಲ್ಲ. ಬೆರೆಸುವಾಗ ಲೋಟದ ಗೋಡೆ, ತಳ ಎಲ್ಲ ಕೆರೆದು ಕೆರೆದು ಮೂರು ನಿಮಿಷವಾದರೂ ನಿಧಾನವಾಗಿ ತಿರುವಿ. ಜೋರಾಗಿ ತಿರುವಿದರೆ ಗುಳ್ಳೆ ಬರುತ್ತದೆ. ತಣ್ಣಗಿರುವ ಕೋಣೆಯಲ್ಲಿ ಗಟ್ಟಿಯಾಗುವುದು ತಡ.

ಈಗಿನ ಪೆಂಡೆಂಟಿಗೆ, ಅಂಟು ಬರೀ ಮೇಲ್ಮೈಯಲ್ಲಿದ್ದರೆ ಸರಿಯಾಗಿ ಅಳೆದ ಹೊಸ ರೆಸಿನ್ ಒಂದು ತೆಳು ಪದರ ಹಾಕಿ ನೋಡಿ, ಎಷ್ಟೋ ಸಲ ಉಳಿಯುತ್ತದೆ. ಒಳಗೂ ಮೆತ್ತಗಿದ್ದರೆ ಬಿಟ್ಟುಬಿಡಿ. ಹೂವು ಕಂದಾದದ್ದು ಒಳಗೆ ಇನ್ನೂ ತೇವ ಇದ್ದದ್ದರಿಂದ ಇರಬೇಕು. ದಪ್ಪ ಪುಸ್ತಕದ ನಡುವೆ ಎರಡು ಮೂರು ವಾರ ಬಿಡಿ, ಮುರಿದರೆ ಗರ್ ಅನ್ನುವಷ್ಟು ಒಣಗಲಿ.

ಒಂದು ಮಾತು ಕೇಳದೇ ಇದ್ದರೂ ಹೇಳುತ್ತೇನೆ. ಗ್ಲೌಸ್ ಹಾಕಿ, ನೈಟ್ರೈಲ್‌ನದ್ದು, ಮತ್ತು ಕಿಟಕಿ ತೆರೆದಿಡಿ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಪದೇ ಪದೇ ತಾಗಿದರೆ ಅದಕ್ಕೂ ಅಲರ್ಜಿ ಹುಟ್ಟಬಹುದು, ಹುಟ್ಟಿದರೆ ಈ ಕೆಲಸವನ್ನೇ ಬಿಡಬೇಕಾಗುತ್ತದೆ. ಕೈಗೆ ತಾಗಿದರೆ ಸೋಪು ನೀರು. ಅಸಿಟೋನ್ ಹಚ್ಚಿ ಉಜ್ಜಬೇಡಿ, ಅದು ರೆಸಿನ್ನನ್ನು ಕರಗಿಸಿ ಚರ್ಮದ ಒಳಕ್ಕೇ ಕಳಿಸುತ್ತದೆ.

ಪ್ರಶ್ನೆ: ಪಾಲಿಮರ್ ಕ್ಲೇ ಓಲೆ ಕೈಯಿಂದ ಜಾರಿದರೆ ಸಾಕು, ಎರಡು ತುಂಡು. ಸುಟ್ಟುಹೋಗುವ ಭಯಕ್ಕೆ ಹತ್ತೇ ನಿಮಿಷಕ್ಕೆ ಓವನ್ನಿಂದ ತೆಗೆಯುತ್ತೇನೆ.

ಉತ್ತರ: ಬೇಯದೇ ಇರುವುದರಿಂದಲೇ ಮುರಿಯುತ್ತಿದೆ. ಸುಟ್ಟುಹೋಗುವುದು ಬಿಸಿ ಹೆಚ್ಚಾದರೆ, ಹೊತ್ತು ಹೆಚ್ಚಾದರೆ ಅಲ್ಲ. ಪೊಟ್ಟಣದ ಮೇಲೆ 110ರಿಂದ 130 ಡಿಗ್ರಿ ಸೆಲ್ಸಿಯಸ್ ನಡುವೆ ಏನೋ ಒಂದು ಬರೆದಿರುತ್ತದೆ, 6 ಮಿಲಿಮೀಟರ್ ದಪ್ಪಕ್ಕೆ ಅರ್ಧ ಗಂಟೆ ಅಂತ ಸಾಮಾನ್ಯ ಲೆಕ್ಕ. ನಾನು ಇನ್ನೂ ಹದಿನೈದು ನಿಮಿಷ ಜಾಸ್ತಿಯೇ ಇಡುತ್ತೇನೆ. ಓವನ್ನಿನ ಗುಂಡಿ ಹೇಳುವ ಬಿಸಿ ಬೇರೆ, ಒಳಗೆ ಇರುವ ಬಿಸಿ ಬೇರೆ, ಆದ್ದರಿಂದ ಒಳಗಿಡುವ ಥರ್ಮಾಮೀಟರ್ ಒಂದು ತನ್ನಿ. ಈ ಕ್ಲೇ ಹೆಸರಿಗೆ ಮಣ್ಣು, ನಿಜದಲ್ಲಿ ಪಿವಿಸಿ ಪ್ಲಾಸ್ಟಿಕ್. ಸುಟ್ಟರೆ ಕಣ್ಣು ಮೂಗು ಉರಿಸುವ ಹೊಗೆ ಬರುತ್ತದೆ. ಹಾಗಾದರೆ ಓವನ್ ಆರಿಸಿ, ಕಿಟಕಿ ತೆರೆದು, ಎಲ್ಲರೂ ಕೋಣೆಯಿಂದ ಹೊರಗೆ ಹೋಗಿ. ಮೈಕ್ರೋವೇವ್ ಮಾತ್ರ ಬೇಡವೇ ಬೇಡ.

ಪ್ರಶ್ನೆ: ಗೆಳತಿಯರೆಲ್ಲ 'ನಂಗೂ ಒಂದು ಮಾಡಿಕೊಡೇ, ಸಾಮಾನಿನ ದುಡ್ಡು ಕೊಡ್ತೀನಿ' ಅಂತಾರೆ. ಮೊದಮೊದಲು ಖುಷಿ ಆಗುತ್ತಿತ್ತು. ಈಗ ಟೇಬಲ್ ಮುಂದೆ ಕೂರಲೇ ಮನಸ್ಸಿಲ್ಲ. ಮನೆಯಲ್ಲಿ 'ಇಷ್ಟು ಚೆನ್ನಾಗಿ ಮಾಡ್ತೀಯ, ಅಂಗಡಿ ಹಾಕು' ಅಂತ ಬೇರೆ. ಹವ್ಯಾಸವೇ ಬೇಡ ಅನಿಸಿಬಿಟ್ಟಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನಗೂ ಒಂದು ವರ್ಷ ಹೀಗೇ ಆಗಿತ್ತು. ಒಂದೇ ಮಾದರಿಯ ಓಲೆ, ಬಣ್ಣ ಮಾತ್ರ ಬೇರೆ, ಇಪ್ಪತ್ತೋ ಇಪ್ಪತ್ತೆರಡೋ ಜೊತೆ. ಕೊನೆಯ ಜೊತೆಯನ್ನು ಮುಗಿಸಿದಾಗ ಇಕ್ಕಳವನ್ನು ಡ್ರಾಯರಿಗೆ ಎಸೆದು ಮೂರು ತಿಂಗಳು ಮುಟ್ಟಲಿಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ. ಗಡಿಯಾರ ನೋಡಿ ಬರೆದಿಟ್ಟೆ. ಮಣಿ ಆರಿಸಲು ಇಪ್ಪತ್ತು ನಿಮಿಷ, ಸುತ್ತಲು ಒಂದೂವರೆ ಗಂಟೆ, ಬಿಚ್ಚಿ ಮತ್ತೆ ಸುತ್ತಲು ನಲವತ್ತು ನಿಮಿಷ, ತುದಿ ಉಜ್ಜಿ ಹೊಳಪು ಕೊಡಲು ಅರ್ಧ ಗಂಟೆ. ಹತ್ತಿರ ಹತ್ತಿರ ಮೂರು ಗಂಟೆ. 'ಸಾಮಾನಿನ ದುಡ್ಡು' ಅಂದವಳಿಗೆ ಆ ಚೀಟಿ ತೋರಿಸಿದೆ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದಳಂತೆ. ಜನ ಕೆಟ್ಟವರಲ್ಲ, ಕೈಕೆಲಸ ಎಷ್ಟು ಹೊತ್ತು ತಿನ್ನುತ್ತದೆ ಅಂತ ಮಾಡದವರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ನನ್ನ ಸಲಹೆ, ಮಾರುವುದಾದರೆ ಗಂಟೆಯನ್ನೂ ಸೇರಿಸಿ ಮಾರಿ, ಕೊಡುವುದಾದರೆ ಪೂರ್ತಿ ಉಡುಗೊರೆಯಾಗಿ ಕೊಡಿ. ಎರಡರ ನಡುವಿನ ಆ 'ಸಾಮಾನಿನ ದುಡ್ಡು' ಇದೆಯಲ್ಲ, ಅದರಲ್ಲೇ ಮನಸ್ಸು ಕಹಿಯಾಗುವುದು. ಕೇಳಿದವರಿಗೆ 'ಕಲಿಸಿಕೊಡ್ತೀನಿ ಬಾ, ಕೂತು ಮಾಡೋಣ' ಅನ್ನಿ. ಹತ್ತು ಜನರಲ್ಲಿ ಒಬ್ಬರು ಬರಬಹುದು, ಆ ಒಬ್ಬರ ಜೊತೆ ಸಂಜೆ ಚೆನ್ನಾಗಿ ಕಳೆಯುತ್ತದೆ. ಇನ್ನು ಅಂಗಡಿ. ನಿಮಗೆ ಇಷ್ಟ ಇದ್ದರೆ ಹಾಕಿ. ಆದರೆ ಅಂಗಡಿ ಅಂದರೆ ಲೆಕ್ಕ, ಪೊಟ್ಟಣ, ವಾಪಸ್ ಬಂದ ಮಾಲು, ಒಂದೇ ಓಲೆ ನೂರು ಸಲ. ನಾನು ಹಾಕಲಿಲ್ಲ. ಚೆನ್ನಾಗಿ ಹಾಡುವವರೆಲ್ಲ ಕಚೇರಿ ಕೊಡಲೇಬೇಕು ಅಂತ ಏನೂ ಇಲ್ಲವಲ್ಲ. ಸದ್ಯಕ್ಕೆ ಯಾರಿಗೂ ಬೇಡದ, ನಿಮಗೆ ಮಾತ್ರ ಬೇಕಾದ ಒಂದು ವಿಚಿತ್ರ ಒಡವೆ ಮಾಡಿ ನೋಡಿ. ತೀರಾ ದೊಡ್ಡದು, ತೀರಾ ಕೆಟ್ಟ ಬಣ್ಣದ್ದು, ಏನಾದರೂ.

ಪ್ರಶ್ನೆ: ನನ್ನ ಡಿಸೈನ್ ಒಬ್ಬರು ಕದ್ದಿದ್ದಾರೆ. ತಂತಿಯ ಸುರುಳಿಯ ಕೆಳಗೆ ಒಂದು ಚಿಪ್ಪು ತೂಗುವ ಓಲೆ. ಕೇಳಿದರೆ 'ಇದು ಎಲ್ಲರೂ ಮಾಡೋದೇ' ಅಂದರು. ಹೊಟ್ಟೆ ಉರಿಯುತ್ತಿದೆ.

ಉತ್ತರ: ಉರಿ ಅರ್ಥ ಆಗುತ್ತದೆ, ಆದರೂ ಈ ವಿಷಯದಲ್ಲಿ ನಾನು ಅರ್ಧ ಅವರ ಕಡೆ. ಮೊರಾಕೊದ ಬಿಜ್ಮೂನ್ ಗುಹೆಯಲ್ಲಿ ತೂತು ಮಾಡಿದ ಸಣ್ಣ ಸಮುದ್ರ ಚಿಪ್ಪಿನ ಮಣಿಗಳು ಸಿಕ್ಕಿವೆ. ಅವು 1,42,000ದಿಂದ 1,50,000 ವರ್ಷ ಹಳೆಯವು ಅಂತ 2021ರಲ್ಲಿ ಸಂಶೋಧಕರು ಪ್ರಕಟಿಸಿದರು. ದಾರ ಉಜ್ಜಿ ಸವೆದ ಗುರುತು ಕೂಡ ಅವುಗಳ ಮೇಲಿದೆ. ಚಿಪ್ಪಿಗೆ ತೂತು ಮಾಡಿ ತೂಗುಹಾಕುವ ಯೋಚನೆ ನಮ್ಮಿಬ್ಬರದ್ದೂ ಅಲ್ಲ, ಸುರುಳಿಯೂ ಅಲ್ಲ.

ಆದರೆ ಇನ್ನರ್ಧ ನಿಮ್ಮ ಕಡೆ. ಸುರುಳಿಯ ಸುತ್ತು ಎಷ್ಟು, ಚಿಪ್ಪು ಯಾವ ಬದಿಗೆ ವಾಲಿದೆ, ಯಾವ ಎರಡು ಬಣ್ಣದ ಮಣಿ, ಎಲ್ಲ ಒಂದೊಂದಾಗಿ ನಿಮ್ಮದನ್ನೇ ಎತ್ತಿಕೊಂಡು ಮಾರುತ್ತಿದ್ದರೆ, ಅದರಲ್ಲೂ ನಿಮ್ಮ ಫೋಟೋ, ನೀವು ಬರೆದ ಸಾಲುಗಳನ್ನೇ ಹಾಕಿಕೊಂಡಿದ್ದರೆ, ತೆಗೆಯಿರಿ ಅಂತ ನೇರವಾಗಿ ಕೇಳಿ. ಫೋಟೋ ಮತ್ತು ಬರಹ ನಿಮ್ಮ ಸ್ವತ್ತು, ಅದರಲ್ಲಿ ಚರ್ಚೆಯೇ ಇಲ್ಲ. ನಾನೂ ಬೇರೆಯವರದ್ದನ್ನು ನೋಡಿ ನೋಡಿಯೇ ಕಲಿತದ್ದು, ಹಾಗೆ ಮಾಡಿದ್ದನ್ನು ತೋರಿಸುವಾಗ ಯಾರದ್ದು ನೋಡಿ ಮಾಡಿದೆ ಅಂತ ಹೇಳುತ್ತೇನೆ. ಅದಕ್ಕೆ ಖರ್ಚೇನೂ ಇಲ್ಲ.

ಪ್ರಶ್ನೆ: ನಾನು ಮಾಡಿದ್ದನ್ನು ಹಂತ ಹಂತವಾಗಿ ಬರೆದು ಹಂಚಿಕೊಳ್ಳುತ್ತೇನೆ. ಓದಿದವರು 'ನಮಗೆ ಬರಲಿಲ್ಲ' ಅಂತಾರೆ. ಫೋಟೋದಲ್ಲಿ ಬೆಳ್ಳಿ ಕಪ್ಪಾಗಿ ಕಾಣುತ್ತದೆ.

ಉತ್ತರ: ನೀವು ಕಳಿಸಿದ ಬರಹ ಓದಿದೆ. 'ಸ್ವಲ್ಪ ತಂತಿ ತೆಗೆದುಕೊಂಡು ಚೆನ್ನಾಗಿ ಸುತ್ತಿ' ಅಂತ ಇದೆ. ಎಷ್ಟು ಸ್ವಲ್ಪ? 0.5 ಮಿಲಿಮೀಟರ್ ದಪ್ಪ, 40 ಸೆಂಟಿಮೀಟರ್ ಉದ್ದ, ಎಡದಿಂದ ಬಲಕ್ಕೆ ಐದು ಸುತ್ತು ಅಂತ ಬರೆಯಿರಿ. ಕೆಲಸ ಮಾಡುವಾಗಲೇ ಪಕ್ಕದಲ್ಲಿ ನೋಟ್‌ಬುಕ್ ಇರಲಿ, ಮುಗಿದ ಮೇಲೆ ನೆನಪಿನಿಂದ ಬರೆದರೆ ಕೈ ತಾನಾಗಿ ಮಾಡಿದ್ದು ಬಿಟ್ಟುಹೋಗುತ್ತದೆ. ಎಲ್ಲಿ ಎಡವಿದಿರಿ ಅಂತಲೂ ಬರೆಯಿರಿ, ಓದುವವರು ಎಡವುವುದೂ ಸಾಮಾನ್ಯವಾಗಿ ಅಲ್ಲೇ. ಮುರಿದ ತುಂಡಿನ ಫೋಟೋ ಹಾಕಲು ನಾಚಿಕೆ ಬೇಡ. ನಾನು ಹಾಕಿದ ಒಂದು ಮುರಿದ ಓಲೆಯ ಫೋಟೋ ನೋಡಿ ನಾಲ್ಕು ಜನ 'ಓ, ನಮ್ಮದೂ ಇದೇ' ಅಂದರು, ಚೆನ್ನಾಗಿ ಬಂದದ್ದಕ್ಕೆ ಯಾರೂ ಏನೂ ಅನ್ನಲಿಲ್ಲ.

ಬೆಳ್ಳಿ ಕಪ್ಪಾಗಿ ಕಾಣುವುದಕ್ಕೆ ಕಾರಣ ನೀವೇ. ಹೊಳೆಯುವ ಬೆಳ್ಳಿ ಕನ್ನಡಿ ಇದ್ದ ಹಾಗೆ, ನಿಮ್ಮ ಕಪ್ಪು ಫೋನು, ನೀವು ಹಾಕಿದ ಬಟ್ಟೆ, ಕತ್ತಲೆ ಕೋಣೆ ಎಲ್ಲ ಅದರಲ್ಲಿ ಕಾಣುತ್ತವೆ. ಫ್ಲ್ಯಾಶ್ ಬೇಡ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಬಿಳಿ ಕಾಗದದ ಮೇಲಿಡಿ, ಕಿಟಕಿಯ ಎದುರು ಬದಿಗೆ ಇನ್ನೊಂದು ಬಿಳಿ ರಟ್ಟು ನಿಲ್ಲಿಸಿ. ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತದೆ, ಬೆಳ್ಳಿ ಬಿಳಿಯನ್ನೇ ತೋರಿಸುತ್ತದೆ. ಒಂದು ಫೋಟೋ ಮಾತ್ರ ಯಾರದ್ದಾದರೂ ಕಿವಿಗೆ ಹಾಕಿ ತೆಗೆಯಿರಿ, ಅಳತೆ ಗೊತ್ತಾಗಲಿ. ಕೊಡೆಯಷ್ಟು ದೊಡ್ಡದು ಅಂದುಕೊಂಡು ನಾನೊಮ್ಮೆ ಮಾಡಲು ಹೊರಟ ಓಲೆ ನಿಜದಲ್ಲಿ ಅಂಗಿಯ ಗುಂಡಿಯಷ್ಟಿತ್ತು.

ಪ್ರಶ್ನೆ: ಎರಡು ಗಂಟೆ ಕೂತರೆ ಹೆಬ್ಬೆರಳ ಬುಡದಲ್ಲಿ ನೋವು. ಚಟ ಮಾತ್ರ ಬಿಡಲಾಗುತ್ತಿಲ್ಲ.

ಉತ್ತರ: ಎರಡು ಗಂಟೆ ಯಾಕೆ ಕೂರುತ್ತೀರಿ? ಅರ್ಧ ಗಂಟೆಗೆ ಅಲಾರಾಂ ಇಟ್ಟು ಎದ್ದು ಓಡಾಡಿ, ದೂರದ್ದೇನಾದರೂ ನೋಡಿ ಕಣ್ಣಿಗೂ ಬಿಡುವು ಕೊಡಿ. ಇಕ್ಕಳದ ಹಿಡಿ ತೆಳುವಾಗಿದ್ದರೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ, ಸ್ಪ್ರಿಂಗ್ ಇರುವ ಇಕ್ಕಳ ತಾನಾಗಿ ತೆರೆದುಕೊಳ್ಳುವುದರಿಂದ ಬೆರಳಿಗೆ ಅರ್ಧ ಕೆಲಸ ಉಳಿಯುತ್ತದೆ. ದಪ್ಪ ತಂತಿಯ ಕೆಲಸ ಒಂದು ದಿನ, ಮಣಿ ಪೋಣಿಸುವುದು ಮರುದಿನ ಅಂತ ಹಂಚಿಕೊಳ್ಳಿ. ರಾತ್ರಿ ಮಲಗಿದಾಗಲೂ ನೋವು ಅಥವಾ ಜೋಮು ಇದ್ದರೆ ಡಾಕ್ಟರಿಗೆ ತೋರಿಸಿ, ಪತ್ರಿಕೆಗೆ ಬರೆಯುತ್ತಾ ಕೂರಬೇಡಿ.